ನಾಲ್ಕನೆಯ ಪಾದ

ಎಲ್ಜಿ ಬ್ರಾಡ್‌ನ್ಯಾಕ್ಸ್ ಮರದ ಕೆಳಗೆ ನಿಂತು ಪ್ರಶ್ನೆ ಕೇಳುತ್ತಿದ್ದ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಜೋರಾಗಿಯೇ ಕೇಳುತ್ತಿದ್ದ.

“ಇದು ಯಾರ ತಟ್ಟೆಗೆ?”

ಓಕ್ ಮರದ ಕವಲಿನಲ್ಲಿ, ಅವನ ಹಣೆಗೆ ಕಟ್ಟಿದ ಬ್ಯಾಟರಿಯ ಬೆಳಕಿಗೆ ಎರಡು ಕಣ್ಣು ಹೊಳೆಯುತ್ತಿದ್ದವು. ಬೆಕ್ಕಿಗಿಂತ ತುಸು ದಪ್ಪನೆಯ, ಕಣ್ಣ ಸುತ್ತ ಕಪ್ಪು ಪಟ್ಟಿಯ ರಕೂನ್ ಕಾಂಡಕ್ಕೆ ಅಂಟಿಕೊಂಡು ಕೂತಿತ್ತು. ಕೆಳಗೆ ಅವನ ಬೇಟೆನಾಯಿ ಡೀಕನ್ ಮುಂಗಾಲುಗಳನ್ನು ತೊಗಟೆಗೆ ಊರಿ, ಕತ್ತೆತ್ತಿ ಒಂದೇ ಸಮನೆ ಬೊಗಳುತ್ತಿತ್ತು. ಎಲ್ಜಿ ಉತ್ತರಕ್ಕೆ ಕಾಯುವವನಂತೆ ಸ್ವಲ್ಪ ಹೊತ್ತು ನಿಂತ. ಆಮೇಲೆ ಬಂದೂಕನ್ನು ಹೆಗಲಿಗೇರಿಸಿ, ನಾಯಿಯ ಕೊರಳಪಟ್ಟಿಗೆ ಹಗ್ಗ ಸಿಕ್ಕಿಸಿದ.

“ನಡಿ ಡೀಕನ್. ಹೆಸರಿಲ್ಲ.”

ನಾಯಿ ಹಗ್ಗವನ್ನು ಜಗ್ಗಿ ಜಗ್ಗಿ ತಿರುಗಿ ಮರವನ್ನು ನೋಡುತ್ತ ಬಂತು. ಆ ಚಳಿಗಾಲದಲ್ಲಿ ಹೀಗಾದದ್ದು ಅದೇ ಮೊದಲಲ್ಲ.

ಆ ಪ್ರಶ್ನೆ ಎಲ್ಜಿಯ ಅಪ್ಪನದು. ಅರ್ಕನ್ಸಾ ರಾಜ್ಯದ ಪೂರ್ವಭಾಗದಲ್ಲಿ, ವೈಟ್ ನದಿಯ ನೀರು ಪ್ರತಿ ವರ್ಷ ಹೊಕ್ಕು ಹೋಗುವ ತಗ್ಗುಕಾಡಿನಲ್ಲಿ, ಅಪ್ಪ, ಚಿಕ್ಕಪ್ಪಂದಿರು, ಅಕ್ಕಪಕ್ಕದ ಮನೆಗಳವರು ಗುಂಪಾಗಿ ಬೇಟೆಗೆ ಹೋಗುತ್ತಿದ್ದ ಕಾಲವೊಂದಿತ್ತು. ನಾಯಿಗಳು ರಕೂನನ್ನು ಮರ ಹತ್ತಿಸಿದ ಮಾತ್ರಕ್ಕೆ ಅಲ್ಲಿ ಯಾರೂ ಗುಂಡು ಹಾರಿಸುವಂತಿರಲಿಲ್ಲ. ಅಪ್ಪ ಮೊದಲು ಕೇಳಬೇಕು. ಗುಂಪಿನಲ್ಲೊಬ್ಬ ಹೆಸರು ಹೇಳಬೇಕು. ಹತ್ತಿ ಗಿರಣಿಯಲ್ಲಿ ಕೈ ಕಳೆದುಕೊಂಡ ಸೈಲಸ್‌ನ ಮನೆಗೆ, ಬಾಣಂತಿ ಇರುವ ಪೆಟಿಗ್ರೂ ಮನೆಗೆ, ಹೀಗೆ. ಹೆಸರು ಹೇಳಿದ ಗಳಿಗೆಯಿಂದ ಆ ಪ್ರಾಣಿ ಅವರದು. ಹೊಡೆದವನ ಕೆಲಸ ಸುಲಿದು, ಶುಚಿಮಾಡಿ, ತಲುಪಿಸುವುದಷ್ಟೇ. ಯಾರಿಗೂ ಯಾವ ಹೆಸರೂ ಹೊಳೆಯದಿದ್ದರೆ ನಾಯಿಗಳಿಗೆ ಹಗ್ಗ ಹಾಕಿ ಮುಂದಕ್ಕೆ ನಡೆಯುತ್ತಿದ್ದರು.

ಇದಕ್ಕೆ ಇನ್ನೊಂದು ಕಟ್ಟೂ ಇತ್ತು. ತನ್ನ ಹೆಸರನ್ನು ತಾನೇ ಹೇಳುವಂತಿರಲಿಲ್ಲ. ತನ್ನ ಮನೆಯ ಹೆಸರನ್ನೂ ಹೇಳುವಂತಿರಲಿಲ್ಲ. ಮೀಸೆ ಮೂಡುವ ವಯಸ್ಸಿನಲ್ಲಿ ಎಲ್ಜಿ ಒಮ್ಮೆ ಯಾಕೆಂದು ಕೇಳಿದ್ದ.

“ನಿನಗೆ ಹಸಿವಾದ್ರೆ ಹೊಡೆಯೋಕೆ ನೆಪ ತಾನಾಗೇ ಬರುತ್ತೆ,” ಎಂದಿದ್ದ ಅಪ್ಪ. “ಇನ್ನೊಬ್ಬನ ಹಸಿವು ನೆನಪು ಮಾಡ್ಕೋಬೇಕಾದ್ರೆ ಒಂದು ಗಳಿಗೆ ಸುಮ್ನೆ ನಿಲ್ಬೇಕಾಗುತ್ತೆ. ನನಗೆ ಆ ನಿಲ್ಲೋದು ಬೇಕು.”

ಬ್ರಾಡ್‌ನ್ಯಾಕ್ಸ್ ಮನೆಯವರೂ ತಿನ್ನುತ್ತಿದ್ದರು. ಗುಂಪಿನಲ್ಲಿ ಅವರ ಹೆಸರು ಹೇಳುವವರು ಇದ್ದರು.

ಗುಂಪು ಸವೆಯಿತು. ಕೆಲವರು ಕಾರ್ಖಾನೆ ಕೆಲಸ ಹುಡುಕಿಕೊಂಡು ಉತ್ತರಕ್ಕೆ ಹೋದರು, ಉಳಿದವರು ಚರ್ಚಿನ ಹಿಂದಿನ ಸ್ಮಶಾನ ಸೇರಿದರು. ಎಲ್ಜಿ ಹೋಗಲಿಲ್ಲ. ಭತ್ತ ಒಣಗಿಸುವ ಗಿರಣಿಯಲ್ಲಿ ದುಡಿದು ನಿವೃತ್ತನಾದ. ಅವನಿಗೂ ಹೆಂಡತಿ ರೂಥೆಲ್‌ಗೂ ಮಕ್ಕಳಾಗಲಿಲ್ಲ. ಚಳಿಗಾಲ ಬಂದರೆ ಒಬ್ಬನೇ ನಾಯಿ ಹಿಡಿದು ಕಾಡಿಗೆ ಹೋಗುತ್ತಿದ್ದ. ಪ್ರಶ್ನೆ ಕೇಳುವವನೂ ಹೆಸರು ಹೇಳುವವನೂ ಅವನೇ. ಆದರೆ ಕಟ್ಟು ಮುರಿಯಲಿಲ್ಲ. ತನ್ನ ಹೆಸರು ಹೇಳುವವರು ಯಾರೂ ಉಳಿಯದಿದ್ದುದರಿಂದ ರಕೂನ್ ಮಾಂಸದ ರುಚಿಯೇ ಅವನಿಗೆ ಮರೆತುಹೋಗಿತ್ತು.

ಪ್ರಾಣಿಯನ್ನು ಅವನು ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಸುಲಿಯುತ್ತಿದ್ದ. ಮುಂಗಾಲ ಸಂದಿಯಲ್ಲೂ ಸೊಂಟದ ಬಳಿಯೂ ಕಾಳಿನಂಥ ಗಂಟುಗಳಿರುತ್ತವೆ. ಒಂದು ಉಳಿದರೂ ಇಡೀ ಪಾತ್ರೆ ನಾರುತ್ತದೆ. ಅವುಗಳನ್ನು ಚಾಕುವಿನ ತುದಿಯಲ್ಲಿ ಒಡೆಯದಂತೆ ಎತ್ತುತ್ತಿದ್ದ. ಕೊಬ್ಬು ಕರಗಿಸಿ ಡಬ್ಬಿಗೆ ತುಂಬಿದರೆ ವರ್ಷವಿಡೀ ಬೂಟುಗಳಿಗೆ ಆಗುತ್ತಿತ್ತು. ರೂಥೆಲ್ ಅದಕ್ಕೆ ಕರ್ಪೂರ ಸೇರಿಸಿ, ಕೆಮ್ಮುವ ಮಕ್ಕಳ ಎದೆಗೆ ಹಚ್ಚಲೆಂದು ಕೇಳಿದವರಿಗೆ ಕೊಡುತ್ತಿದ್ದಳು. ಚರ್ಮವನ್ನು ಹಲಗೆಗೆ ಬಿಗಿದು ಒಣಗಿಸಿಟ್ಟರೆ ಶನಿವಾರಗಳಲ್ಲಿ ತುಪ್ಪಳದ ವ್ಯಾಪಾರಿ ಪೆಟ್ರೋಲ್ ಬಂಕಿನ ಹತ್ತಿರ ವ್ಯಾನು ನಿಲ್ಲಿಸಿ ಕೊಳ್ಳುತ್ತಿದ್ದ. ದೂರದ ದೇಶಗಳಲ್ಲಿ ತುಪ್ಪಳದ ಕೋಟು ಕೇಳುವವರಿಲ್ಲವಂತೆ ಎಂದು ಹೇಳಿ ಹೋದ ವ್ಯಾಪಾರಿ ಮತ್ತೆ ಬರಲಿಲ್ಲ. ಆಮೇಲೂ ಎಲ್ಜಿ ಚರ್ಮಗಳನ್ನು ಹಲಗೆಗೆ ಬಿಗಿಯುತ್ತಲೇ ಇದ್ದ. ಅವು ಕೊಟ್ಟಿಗೆಯ ಗೋಡೆಗೆ ಒರಗಿ ಸೆಟೆದು ನಿಂತಿದ್ದವು.

ಕೊನೆಗೆ ಪಾದಗಳು. ಮೂರನ್ನು ಗಿಣ್ಣಿನ ಬಳಿ ಕತ್ತರಿಸಿ ತೆಗೆಯುತ್ತಿದ್ದ, ನಾಲ್ಕನೆಯದನ್ನು ಬಿಡುತ್ತಿದ್ದ. ಈ ಸೀಮೆಯಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಸುಲಿದ ರಕೂನಿಗೂ ಸುಲಿದ ಬೆಕ್ಕಿಗೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಕಪ್ಪಗೆ, ಉದ್ದ ಬೆರಳುಗಳ, ಕೂಸಿನ ಕೈಯಂತಿರುವ ಆ ಪಾದವೊಂದೇ ಸಾಕ್ಷಿ. ತೆಗೆದುಕೊಳ್ಳುವವರು ಅದನ್ನು ನೋಡಿ, ಮುಟ್ಟಿ, ಒಳಗೆ ಒಯ್ದು ತಮ್ಮ ಅಡುಗೆಮನೆಯಲ್ಲೇ ಕತ್ತರಿಸಬೇಕು. ಬೇಟೆಗಾರ ಆ ಪಾದಕ್ಕೆ ಚಾಕು ಮುಟ್ಟಿಸುವುದಿಲ್ಲ.

ಮೂರು ವರ್ಷದ ಹಿಂದೆ ರೂಥೆಲ್ ತೀರಿಕೊಂಡಳು. ಅಷ್ಟು ಹೊತ್ತಿಗೆ ಎಲ್ಜಿ ಮರದ ಕೆಳಗೆ ಹೇಳಬಹುದಾದ ಹೆಸರು ಒಂದೇ ಉಳಿದಿತ್ತು: ಮಿಸ್ ವರ್ಡಿ. ಕಾಲುವೆಯಾಚೆಯ ನೀಲಿ ಮನೆಯ ಮುದುಕಿ, ಅವನಿಗಿಂತ ಹತ್ತಾರು ವರ್ಷ ಹಿರಿಯಳು, ಅವನ ಅಪ್ಪನ ಕೈಯಿಂದಲೂ ಮಾಂಸ ತೆಗೆದುಕೊಂಡವಳು. ಆಕೆ ಬಾಗಿಲಲ್ಲೇ ಪಾದ ಪರೀಕ್ಷಿಸಿ, ಬೈದು, ನಕ್ಕು, ಕಾಫಿ ಕೊಟ್ಟು ಕಳಿಸುತ್ತಿದ್ದಳು. ಎಲ್ಜಿಗೆ ಇಡೀ ವಾರದ ಮಾತುಕತೆ ಅಷ್ಟೇ ಇರುತ್ತಿತ್ತು. ಕಳೆದ ನವೆಂಬರಿನಲ್ಲಿ ಮಿಸ್ ವರ್ಡಿ ಅಂಗಳದಲ್ಲಿ ಬಿದ್ದಳು. ತಂಗಿಯ ಮಗಳು ಬಂದು, ಎಲ್ಜಿಗೆ ವಿಳಾಸ, ಫೋನ್ ನಂಬರು ಬರೆದುಕೊಟ್ಟು, ಆಕೆಯನ್ನು ದೂರದ ನಗರ ಲಿಟಲ್ ರಾಕ್‌ಗೆ ಕರೆದುಕೊಂಡು ಹೋದಳು. ನೀಲಿ ಮನೆಗೆ ಬೀಗ ಬಿತ್ತು.

ಎಲ್ಜಿ ಬೇರೆ ಹೆಸರು ಹುಡುಕದೆ ಇರಲಿಲ್ಲ. ಜನವರಿಯ ಒಂದು ಬೆಳಗ್ಗೆ ಪೆಟ್ರೋಲ್ ಬಂಕಿನೊಳಗಿನ ಕಾಫಿ ಮೇಜಿನಲ್ಲಿ ಬ್ರದರ್ ಟಾಲಿವರ್ ಸಿಕ್ಕ. ಟಾಲಿವರ್ ಚರ್ಚಿನ ಡೀಕನ್, ಎಂದರೆ ಪಾದ್ರಿಗೆ ನೆರವಾಗುವ ಹಿರಿಯ. ಪ್ರಾರ್ಥನೆಗೆ ಎದ್ದು ನಿಂತರೆ ಮುಗಿಸುವುದು ಗೊತ್ತಿಲ್ಲದವನು. ಮರಿಯಾಗಿದ್ದಾಗ ನಾಯಿಯೂ ಹಾಗೇ ಗಂಟಲು ಬಿಡುತ್ತಿದ್ದುದನ್ನು ಕೇಳಿ ರೂಥೆಲ್ ಅದಕ್ಕೆ ಆ ಹೆಸರಿಟ್ಟಿದ್ದಳು. ಇದು ಊರಿಗೆಲ್ಲ ಗೊತ್ತಿತ್ತು, ಟಾಲಿವರ್‌ಗೂ.

“ಏನು ಬ್ರದರ್ ಎಲ್ಜಿ, ನನ್ನ ಹೆಸರಿನವನು ಹೇಗಿದಾನೆ?”

“ನಿಮಗಿಂತ ಕಮ್ಮಿ ಬೊಗಳ್ತಾನೆ ಈಗೀಗ.”

ಟಾಲಿವರ್ ಮೇಜು ಬಡಿದು ನಕ್ಕ. ನಗು ಇಳಿಯುವವರೆಗೆ ಕಾದು ಎಲ್ಜಿ ಕೇಳಿದ: “ನಿಮ್ಮ ಮನೆಗೊಂದು ತರಲಾ? ನಿಮ್ಮಮ್ಮ ತುಂಬ ಇಷ್ಟಪಟ್ಟು ತಿಂತಿದ್ರು.”

“ನಮ್ಮಮ್ಮ ಇದ್ದಿದ್ರೆ ನಿನ್ನ ಕೆನ್ನೆಗೆ ಮುತ್ತು ಕೊಡ್ತಿದ್ಲು. ಈಗ ಮನೇಲಿರೋದು ನನ್ನ ಹೆಂಡ್ತಿ. ರಕೂನ್ ಒಳಗೆ ಬಂದ್ರೆ ನಾನು ಟ್ರಕ್ಕಲ್ಲಿ ಮಲಗ್ಬೇಕು. ಸಾಲದ್ದಕ್ಕೆ ನೀನು ಅದಕ್ಕೊಂದು ಪಾದ ಬೇರೆ ಬಿಟ್ಟಿರ್ತೀಯ, ಫ್ರಿಜ್ಜಿನ ಬಾಗಿಲು ತೆಗೆದ್ರೆ ಕೈ ಬೀಸೋ ಹಾಗೆ!”

ಪಕ್ಕದ ಮೇಜಿನಲ್ಲಿ ಕೋಡಿ ಲ್ಯಾಸಿಟರ್ ಇದ್ದ. ನದಿದಂಡೆಯ ದೊಡ್ಡ ಮೆಕ್ಕೆಜೋಳದ ಹೊಲಗಳನ್ನು ನೋಡಿಕೊಳ್ಳುವ ಬಿಳಿಯ ಹುಡುಗ, ಮರ್ಯಾದಸ್ಥ.

“ಮಿಸ್ಟರ್ ಎಲ್ಜಿ, ನಮ್ಮ ಕಡೆ ಬನ್ನಿ. ಕಾಡಂಚಿನ ಜೋಳದ ಸಾಲುಗಳನ್ನ ಈ ಸಲ ರಕೂನುಗಳು ಪೂರ್ತಿ ಮಲಗಿಸಿಬಿಟ್ಟಿದಾವೆ. ಎಷ್ಟು ಬೇಕಾದ್ರೂ ಹೊಡೀರಿ.”

“ಹೊಡೆದು?”

“ಹೊಡೆದು ಏನು? ಕಾಲುವೆಗೆ ಬಿಸಾಕಿ. ರಣಹದ್ದುಗಳು ನೋಡ್ಕೋತವೆ.”

“ರಣಹದ್ದಿಗೆ ಅಡುಗೆ ಮಾಡೋ ಕೆಲಸ ನನ್ನದಲ್ಲ, ಕೋಡಿ.”

“ಹಾಗಾದ್ರೆ ಹೊಡೀಲೇಬೇಡಿ. ನನ್ನ ಭಾವಮೈದ ಪಂದ್ಯಗಳಿಗೆ ಹೋಗ್ತಾನೆ. ನಾಯಿ ಮರ ಹತ್ತಿಸಿದ್ರೆ ಪಾಯಿಂಟು, ಬಹುಮಾನ. ರಕೂನ್ ಮೇಲೇ ಇರುತ್ತೆ. ಯಾರಿಗೂ ನೋವಿಲ್ಲ.”

“ರಕೂನನ್ನ ಕೇಳಿದ್ರಾ?”

ಟಾಲಿವರ್ ಮತ್ತೆ ನಕ್ಕ. ಕೋಡಿಯೂ ನಕ್ಕ. ಆಮೇಲೆ ಟೋಪಿ ಸರಿಮಾಡಿಕೊಳ್ಳುತ್ತ ಹೇಳಿದ: “ಅದೂ ಸರೀನೇ. ಆದ್ರೆ ನನ್ನ ಜೋಳಾನ ಯಾರು ಕೇಳಿದ್ರು, ಮಿಸ್ಟರ್ ಎಲ್ಜಿ?”

ಎಲ್ಜಿ ಕಾಫಿ ಮುಗಿಸಿ ಎದ್ದ. ಮನೆಗೆ ಬರುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ. ಕೋಡಿಯ ಮಾತು ತಪ್ಪೆಂದು ಅವನಿಗೆ ಅನ್ನಿಸಲಿಲ್ಲ. ತನಗೆ ಅದು ಕೈಲಾಗದ ಕೆಲಸ, ಅಷ್ಟೇ. ಹಾಗೆ ನೋಡಿದರೆ ತಾನು ಮಾಡುತ್ತಿರುವುದೂ ಪೂರ್ತಿ ಸರಿಯಲ್ಲ. ತಿನ್ನುವವರಿಲ್ಲದೆ ಒಂದು ಜೀವವನ್ನು ಚಳಿಯಲ್ಲಿ ಮರ ಹತ್ತಿಸಿ, ಹೆದರಿಸಿ ಬರುವುದೂ ಒಂದು ದಂಡದ ಕೆಲಸವೇ. ನಾಯಿ ಮನೆಯಲ್ಲಿ ಕೂತು ಬಾಗಿಲು ಕೆರೆಯುವುದನ್ನು ನೋಡಲಾರದೆ ಅವನು ಹೋಗುತ್ತಿದ್ದ. ರಕೂನಿಗೆ ನ್ಯಾಯ ಮಾಡಲು ಹೋಗಿ ನಾಯಿಗೆ ಅನ್ಯಾಯ, ನಾಯಿಗೆ ನ್ಯಾಯ ಮಾಡಲು ಹೋಗಿ ರಕೂನಿಗೆ.

ಬೇಟೆನಾಯಿ ಬಹಳ ದಿನ ಸುಮ್ಮನೆ ಬೊಗಳುವುದಿಲ್ಲ. ವಾಸನೆ ಹಿಡಿದು, ಕೆಸರು ಹಾದು, ಮರ ಹುಡುಕಿ, ಯಜಮಾನ ಬರುವವರೆಗೆ ಕೂಗುವುದು ಅದರ ಪಾಲಿನ ಕೆಲಸ. ಯಜಮಾನ ತನ್ನ ಪಾಲಿನದನ್ನು ಮಾಡದೆ ಮತ್ತೆ ಮತ್ತೆ ಹಗ್ಗ ಹಾಕಿ ಎಳೆದುಕೊಂಡು ಹೋದರೆ ಒಂದು ದಿನ ಅದಕ್ಕೂ ಸಾಕಾಗುತ್ತದೆ. ಬೇರೆಯವರ ನಾಯಿಗಳಿಗೆ ಹಾಗಾದದ್ದನ್ನು ಎಲ್ಜಿ ನೋಡಿದ್ದ.

ಜನವರಿ ಮುಗಿಯುವ ಹೊತ್ತಿಗೆ ಡೀಕನ್‌ಗೂ ಹಾಗಾಯಿತು. ಕತ್ತಲಾಗಿ ಹೆಚ್ಚು ಹೊತ್ತಾಗಿರಲಿಲ್ಲ. ನಾಯಿ ಹಳ್ಳದಾಚೆ ವಾಸನೆ ಹಿಡಿದು ಓಡಿತು. ಅದರ ದನಿ ಕಾಡಿನೊಳಗೆ ತಿರುಗಿ, ದೂರವಾಗಿ, ಮತ್ತೆ ಹತ್ತಿರವಾಗಿ ಒಂದು ಕಡೆ ನಿಂತಿತು. ಎಲ್ಜಿ ನೀರಿನಲ್ಲಿ ಕಾಲೆಳೆಯುತ್ತ ಆ ದನಿಯ ಕಡೆಗೆ ನಡೆದ. ಅರ್ಧ ದಾರಿಯಲ್ಲಿ ದನಿ ನಿಂತುಹೋಯಿತು.

ಅವನು ನಿಂತ. ಮರದಿಂದ ನೀರು ತೊಟ್ಟಿಕ್ಕುವುದು, ಎಲ್ಲೋ ಬಾತುಕೋಳಿಗಳು ರೆಕ್ಕೆ ಬಡಿಯುವುದು ಬಿಟ್ಟರೆ ಏನೂ ಕೇಳಲಿಲ್ಲ. ನಾಯಿಗೆ ಏನೋ ಆಯಿತೆಂದು ಹೆದರಿ ಬೇಗ ಬೇಗ ನಡೆದ. ಡೀಕನ್‌ಗೆ ಏನೂ ಆಗಿರಲಿಲ್ಲ. ಮರದ ಬುಡದಲ್ಲಿ ಹಿಂಗಾಲ ಮೇಲೆ ಕೂತಿತ್ತು. ಮರದ ಮೇಲೆ ರಕೂನ್ ಇತ್ತು. ನಾಯಿ ಅದನ್ನು ನೋಡುತ್ತಿರಲಿಲ್ಲ, ಎಲ್ಜಿಯನ್ನು ನೋಡುತ್ತಿತ್ತು. ಹಗ್ಗಕ್ಕೆ ಕುತ್ತಿಗೆ ಒಡ್ಡಿಕೊಂಡು ಕೂತ ಹಾಗಿತ್ತು.

ರೂಥೆಲ್ ಹೋದ ಮೇಲೆ ಎಲ್ಜಿಯ ಬದುಕಿನಲ್ಲಿ ಅವನನ್ನು ಕರೆಯುವ ದನಿ ಅದೊಂದೇ ಇತ್ತು. ಬಾ, ಇಲ್ಲಿದೆ, ನಾನು ಇಲ್ಲಿದ್ದೇನೆ ಎಂದು ಕತ್ತಲಿನಲ್ಲಿ ಕೂಗಿ ಹೇಳುತ್ತಿದ್ದ ದನಿ.

“ಇದು ಯಾರ ತಟ್ಟೆಗೆ?” ಎಂದ. ನಾಯಿ ಕಿವಿ ಕೂಡ ಎತ್ತಲಿಲ್ಲ.

“ಮಿಸ್ ವರ್ಡಿಗೆ,” ಎಂದಿತು ಅವನದೇ ಬಾಯಿ.

ಗುಂಡು ಒಂದೇ, ಸರಿಯಾಗಿ ತಲೆಗೆ. ಬಿದ್ದದ್ದು ಬಲಿತ ಗಂಡು. ಡೀಕನ್ ಅದರ ಮೇಲೆ ಹಾರಿ ಕಚ್ಚಿ ಹಿಡಿಯಿತು, ಕೊಡವಿತು, ಆಮೇಲೆ ಸತ್ತ ಪ್ರಾಣಿಯ ಪಕ್ಕದಲ್ಲಿ ನಿಂತು ಮೇಲಿನ ಖಾಲಿ ಮರದ ಕಡೆ ಕತ್ತೆತ್ತಿ ಮನಸೋಇಚ್ಛೆ ಬೊಗಳಿತು. ಎಲ್ಜಿ ಕೇಳಿಸಿಕೊಂಡ. ಅದನ್ನು ಕೇಳಬೇಕೆಂದೇ ಅವನು ಸುಳ್ಳು ಹೇಳಿದ್ದ. ಅದರಷ್ಟು ಸಂತೋಷ ಕೊಡುವ ಸದ್ದು ಬೇರೆ ಇಲ್ಲವೆಂದೂ, ಅದು ತನ್ನ ಕಿವಿಗೆ ಸರಿಯಾಗಿ ತಲುಪುತ್ತಿಲ್ಲವೆಂದೂ ಅವನಿಗೆ ಒಟ್ಟಿಗೇ ಅನ್ನಿಸಿತು.

ಕೊಟ್ಟಿಗೆಯಲ್ಲಿ ಯಾವತ್ತಿನಂತೆ ಸುಲಿದ, ಗಂಟುಗಳನ್ನು ಎತ್ತಿದ, ಮೂರು ಪಾದ ತೆಗೆದ. ನಾಲ್ಕನೆಯದರ ಮುಂದೆ ಚಾಕು ಒರೆಸಿ ಇಟ್ಟ. ಹೆಸರು ಹೇಳಿಯಾಗಿತ್ತು. ತಲುಪಿಸದೆ ಬೇರೆ ದಾರಿ ಇರಲಿಲ್ಲ.

ಮರುದಿನ ಐಸ್ ತುಂಬಿದ ಪೆಟ್ಟಿಗೆಯನ್ನು ಪಿಕಪ್ಪಿನ ಸೀಟಿನಲ್ಲಿ ಪಕ್ಕಕ್ಕಿಟ್ಟುಕೊಂಡು ಲಿಟಲ್ ರಾಕ್‌ಗೆ ಹೊರಟ. ಅಷ್ಟು ದೂರ ಅವನು ಓಡಿಸಿ ವರ್ಷಗಳಾಗಿದ್ದವು. ಊರು ಹತ್ತಿರವಾದಂತೆ ಲಾರಿಗಳು ಹಾರ್ನ್ ಹೊಡೆಯುತ್ತ ಅವನನ್ನು ದಾಟಿ ಹೋದವು. ವಿಳಾಸದಲ್ಲಿದ್ದುದು ಒಂದೇ ಥರದ ಬಾಗಿಲುಗಳ ಉದ್ದನೆಯ ಕಟ್ಟಡ. ಮಹಡಿ ಹತ್ತಿ ತಪ್ಪು ಬಾಗಿಲು ತಟ್ಟಿ, ಬೈಸಿಕೊಂಡು, ಕೊನೆಗೆ ಸರಿಯಾದ ಬಾಗಿಲು ತಟ್ಟಿದ. ತೆರೆದವಳು ಶಾರ್ಮೇನ್, ಮಿಸ್ ವರ್ಡಿಯ ತಂಗಿಯ ಮಗಳು. ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದ ಬಟ್ಟೆಯಲ್ಲೇ ಇದ್ದಳು.

“ಮಿಸ್ಟರ್ ಎಲ್ಜಿ! ಒಂದು ಫೋನ್ ಮಾಡಿ ಬರಬಾರದಾ?”

“ಮಾಡಿದ್ರೆ ನೀನು ಬೇಡ ಅಂತಿದ್ದೆ.”

“ಪೆಟ್ಟಿಗೇಲಿ ಏನು?”

“ನಿಮ್ಮ ಆಂಟಿದು.”

ಅವಳು ಮುಚ್ಚಳ ಎತ್ತಿದಳು, ತಟ್ಟನೆ ಮುಚ್ಚಿದಳು. “ಅಯ್ಯೋ ಜೀಸಸ್! ಕೈ ಇದೆ ಅದಕ್ಕೆ.”

“ಕಾಲು.”

“ಏನಾದ್ರೂ ಇರ್ಲಿ, ನನ್ನ ಮನೇಲಿ ಅದು...”

“ಯಾರದು ಬಾಗಿಲಲ್ಲಿ?” ಎಂದು ಒಳಗಿಂದ ದನಿ ಬಂತು. ಮಾತು ಒಂದು ಕಡೆಗೆ ಜಾರಿದಂತಿತ್ತು. ಆದರೂ ಎಲ್ಜಿಗೆ ಗುರುತು ಸಿಕ್ಕಿತು.

ಮಿಸ್ ವರ್ಡಿ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದಳು. ಕಿಟಕಿಯಾಚೆ ಕಾರುಗಳು ನಿಲ್ಲುವ ಜಾಗ. ಆಕೆಯ ಮುಖದ ಎಡಭಾಗ ಇಳಿಬಿದ್ದಿತ್ತು, ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಎಲ್ಜಿ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

“ತೆಳ್ಳಗಾಗಿದೀಯ,” ಎಂದಳು ಆಕೆ. “ತಾ ಇಲ್ಲಿ.”

ಶಾರ್ಮೇನ್ ತಡೆಯುವ ಮೊದಲೇ ಅವನು ಪೆಟ್ಟಿಗೆಯನ್ನು ಆಕೆಯ ಮುಂದಿಟ್ಟು ಮುಚ್ಚಳ ತೆಗೆದ. ಮಿಸ್ ವರ್ಡಿ ಬಲಗೈ ಇಳಿಬಿಟ್ಟು ಪಾದವನ್ನು ಹುಡುಕಿ ಹಿಡಿದಳು. ಒಂದೊಂದೇ ಬೆರಳನ್ನು ಬಿಡಿಸಿ ನೋಡಿದಳು.

“ಬೆಕ್ಕಲ್ಲ.”

“ಇಷ್ಟು ವರ್ಷದಲ್ಲಿ ಒಂದು ಸಲನಾದ್ರೂ ನಿಮಗೆ ಬೆಕ್ಕು ಕೊಟ್ಟಿದೀನಾ, ಮಿಸ್ ವರ್ಡಿ?”

“ಕೊಟ್ಟಿಲ್ಲ ಅಂತ ನನಗೆ ಹೇಗೆ ಗೊತ್ತು? ಪ್ರತಿ ಸಲ ನೋಡಿದ್ದಕ್ಕೆ ಗೊತ್ತು.”

ಅವನು ನಕ್ಕ. ಆಕೆಯ ಮುಖದ ಅರ್ಧ ಭಾಗವೂ ನಕ್ಕಿತು. ಒಂದು ಗಳಿಗೆ ನೀಲಿ ಮನೆಯ ಬಾಗಿಲಲ್ಲಿ ನಿಂತಂತಾಯಿತು.

“ಮಿಸ್ಟರ್ ಎಲ್ಜಿ,” ಎಂದಳು ಶಾರ್ಮೇನ್, ಈಗ ಮೆಲ್ಲಗೆ. “ಆಂಟಿ ಇದನ್ನ ತಿನ್ನೋ ಹಾಗಿಲ್ಲ. ಸ್ಟ್ರೋಕ್ ಆದ ಮೇಲೆ ಗಂಟಲು ಕೆಲಸ ಮಾಡ್ತಿಲ್ಲ. ಎಲ್ಲಾನೂ ಅರೆದು, ಗಂಜಿ ಥರ ಮಾಡಿ ಚಮಚದಲ್ಲಿ ಕೊಡ್ತೀನಿ. ಮಾಂಸ ಸಿಕ್ಕಿಕೊಂಡ್ರೆ ಉಸಿರು ನಿಂತು ಹೋಗುತ್ತೆ.”

ಎಲ್ಜಿ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. ಆಕೆ ಬಿದ್ದದ್ದು ಅವನಿಗೆ ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಕೇಳಿ ತಿಳಿದುಕೊಂಡೂ ಇರಲಿಲ್ಲ.

ಮಿಸ್ ವರ್ಡಿ ಪಾದವನ್ನು ಇನ್ನೂ ಬಿಟ್ಟಿರಲಿಲ್ಲ. “ನಾನು ಅಲ್ಲಿಲ್ಲ. ಮರದ ಕೆಳಗೆ ಯಾರ ಹೆಸರು ಹೇಳ್ದೆ?”

“ನಿಮ್ಮದು.”

“ಇಲ್ಲ ಅಂತ ಗೊತ್ತಿದ್ದೂ?”

“ಗೊತ್ತಿದ್ದೂ, ಮೇಡಂ.”

“ನಿಮ್ಮಪ್ಪ ಇದ್ದಿದ್ರೆ ಕಿವಿ ಹಿಂಡ್ತಿದ್ದ.”

“ಹೌದು ಮೇಡಂ.”

“ಯಾಕೆ ಹಾಗೆ ಮಾಡ್ದೆ?”

ಎಪ್ಪತ್ತು ದಾಟಿದ ಗಂಡಸು ಟೋಪಿಯ ಅಂಚನ್ನು ನೋಡುತ್ತ ಹೇಳಿದ: “ನಾಯಿ ಬೊಗಳೋದು ನಿಲ್ಲಿಸ್ತು.”

ಶಾರ್ಮೇನ್ ಅವನ ಮುಖ ನೋಡಿದಳು. ಮಿಸ್ ವರ್ಡಿ ಕಿಟಕಿಯ ಕಡೆ ತಿರುಗಿದಳು. ಕೆಳಗೆ ಯಾರೋ ಕಾರಿನ ಬಾಗಿಲು ಹಾಕಿದ ಸದ್ದಾಯಿತು.

“ರೇಡಿಯೋ ಇಲ್ವಾ ಮನೇಲಿ?” ಎಂದಳು ಮಿಸ್ ವರ್ಡಿ.

“ಇದೆ.”

“ಹ್ಞೂಂ. ರೇಡಿಯೋ ಆಗಲ್ಲ,” ಎಂದು ಆಕೆಯೇ ಹೇಳಿದಳು. “ಇಲ್ಲೂ ಇದೆ ಒಂದು.”

ಪೆಟ್ಟಿಗೆಯಲ್ಲಿ ಐಸ್ ಕರಗಿ ಕುಸಿಯಿತು. ಆಕೆ ಕೈ ತೆಗೆದು ಮಡಿಲಿನ ಟವೆಲಿಗೆ ಒರೆಸಿಕೊಂಡಳು.

“ಹೆಸರು ಹೇಳಿದ ಮೇಲೆ ಅದು ನನ್ನದು ತಾನೇ?”

“ನಿಮ್ಮದೇ.”

“ನನ್ನದನ್ನ ನಾನು ಯಾರಿಗೆ ಬೇಕಾದ್ರೂ ಕೊಡಬಹುದು ತಾನೇ?”

ಅವನಿಗೆ ಅರ್ಥವಾಯಿತು. ಬೇಡವೆನ್ನಲು ಬಾಯಿ ತೆರೆದ.

“ನೀನು ಸುಮ್ನಿರು. ನಿನ್ನ ಹೆಸರು ನೀನು ಹೇಳ್ತಿಲ್ಲ, ನಾನು ಹೇಳ್ತಿದೀನಿ. ಎಲ್ಜಿ ಬ್ರಾಡ್‌ನ್ಯಾಕ್ಸ್ ತಟ್ಟೆಗೆ. ಒಯ್ದು ಬೇಯಿಸಿ ತಿನ್ನು. ಚೂರೂ ಬಿಸಾಕ್ಬೇಡ.”

“ದೇವರು ದೊಡ್ಡವನು,” ಎಂದಳು ಶಾರ್ಮೇನ್, ಪೆಟ್ಟಿಗೆಯ ಮುಚ್ಚಳ ಹಾಕುತ್ತ.

“ನನಗೆ ಬೇಯಿಸೋಕೆ ಬರಲ್ಲ, ಮಿಸ್ ವರ್ಡಿ.”

“ಸುಲಿಯೋಕೆ ಬರುತ್ತೆ, ಬೇಯಿಸೋಕೆ ಬರಲ್ವಂತೆ! ಕೇಳ್ಕೋ. ರಾತ್ರಿಯೆಲ್ಲ ಉಪ್ಪು ವಿನಿಗರ್ ಹಾಕಿದ ನೀರಲ್ಲಿ ನೆನೆಸು. ಬೆಳಗ್ಗೆ ಆ ನೀರು ಚೆಲ್ಲು. ಈರುಳ್ಳಿ, ಕೆಂಪು ಮೆಣಸಿನಕಾಯಿ ಹಾಕಿ ಬೇಯಿಸು, ಮೂಳೆಯಿಂದ ಮಾಂಸ ಜಾರೋಕೆ ಶುರುವಾಗೋವರೆಗೂ. ಆಮೇಲೆ ಅಗಲವಾದ ತಟ್ಟೇಲಿಟ್ಟು ಸುತ್ತ ಸಿಹಿಗೆಣಸು ಜೋಡಿಸಿ ಒವನ್‌ಗೆ ತಳ್ಳು. ಗೆಣಸು ಹೇಳುತ್ತೆ ಯಾವಾಗ ತೆಗೀಬೇಕು ಅಂತ.”

“ಏನು ಹೇಳುತ್ತೆ?”

“ಅಂಚು ಕಪ್ಪಾಗುತ್ತೆ, ಪೆದ್ದ.”

ಇಷ್ಟು ಹೇಳುವಷ್ಟರಲ್ಲಿ ಆಕೆಗೆ ಆಯಾಸವಾಗಿತ್ತು. ಶಾರ್ಮೇನ್ ಆಕೆಯ ತುಟಿಯಂಚನ್ನು ಒರೆಸಿದಳು. ಎಲ್ಜಿ ಪೆಟ್ಟಿಗೆ ಎತ್ತಿಕೊಂಡು ಬಾಗಿಲವರೆಗೆ ಹೋದಾಗ ಆಕೆ ಕರೆದಳು.

“ಎಲ್ಜಿ. ಇನ್ಮೇಲೆ ನನ್ನ ಹೆಸರು ಹೇಳ್ಬೇಡ.”

“ಹೇಳಲ್ಲ.”

“ಬೇರೆ ಹೆಸರು ಯಾವುದಾದ್ರೂ ಇದೆಯಾ ನಿನ್ನ ಹತ್ರ?”

“ಇಲ್ಲ.”

ಆಕೆ ತಲೆಯಾಡಿಸಿದಳು. ಸಮಾಧಾನದ ಮಾತೇನೂ ಹೇಳಲಿಲ್ಲ. ಅದಕ್ಕಾಗಿ ಅವನಿಗೆ ಆಕೆಯ ಮೇಲೆ ಗೌರವ ಹೆಚ್ಚಾಯಿತು.

ಮನೆಗೆ ಬಂದವನೇ ಬಂದೂಕನ್ನು ಬಿಚ್ಚಿ, ನಳಿಗೆಗೆ ಎಣ್ಣೆ ಹಾಕಿ, ಹಳೆಯ ಕಂಬಳಿಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟ. ಋತು ಮುಗಿದಾಗ ಪ್ರತಿ ವರ್ಷ ಮಾಡುವ ಕೆಲಸವೇ ಅದು. ಈ ಸಲ ಋತು ಮುಗಿಯಲು ಇನ್ನೂ ಕೆಲವು ವಾರಗಳಿದ್ದವು. ಡೀಕನ್ ಬಾಗಿಲ ಬಳಿ ನಿಂತು ನೋಡುತ್ತಿತ್ತು.

“ನಡೆಯೋಕೆ ಹೋಗೋಣ,” ಎಂದ ಅದಕ್ಕೆ. “ಹಗ್ಗ ಮೊದಲೇ ಹಾಕಿಕೊಂಡು. ನೀನೂ ಮುದುಕ, ನಾನೂ ಮುದುಕ. ಯಾರನ್ನೂ ಮರ ಹತ್ತಿಸೋದು ಬೇಡ.”

ನಾಯಿ ಬಾಗಿಲ ಬಳಿಯೇ ಮುದುಡಿ ಮಲಗಿತು.

ಅವನು ಅಡುಗೆಮನೆಗೆ ಹೋಗಿ ರೂಥೆಲ್‌ಳ ದೊಡ್ಡ ಪಾತ್ರೆ ಇಳಿಸಿದ. ಅದರೊಳಗೆ ಧೂಳಿತ್ತು. ತೊಳೆದು, ನೀರು ತುಂಬಿ, ಉಪ್ಪು ವಿನಿಗರ್ ಹಾಕಿದ. ಪೆಟ್ಟಿಗೆಯಿಂದ ಮಾಂಸ ತೆಗೆದು ಹಲಗೆಯ ಮೇಲಿಟ್ಟಾಗ ಪಾದ ಮೇಲ್ಮುಖವಾಗಿ, ಏನೋ ಕೇಳುವ ಕೈಯಂತೆ ತೆರೆದುಕೊಂಡು ನಿಂತಿತು.

ಅದನ್ನು ತೆಗೆಯದೆ ಪಾತ್ರೆಯ ಮುಚ್ಚಳ ಹಾಕಲಾಗುವುದಿಲ್ಲ. ಎಲ್ಜಿ ಚಾಕು ತೆಗೆದುಕೊಂಡ, ಇಟ್ಟ, ಕೈ ತೊಳೆದ, ಮತ್ತೆ ತೆಗೆದುಕೊಂಡ. ಮೀಸೆ ಮೂಡುವ ಮೊದಲಿನಿಂದ ಮೂರು ಪಾದಗಳನ್ನು ತೆಗೆದ ಕೈ ಅದು. ನಾಲ್ಕನೆಯದಕ್ಕೆ ಒಮ್ಮೆಯೂ ಚಾಕು ಮುಟ್ಟಿಸಿರಲಿಲ್ಲ. ಅದು ತೆಗೆದುಕೊಳ್ಳುವವರ ಕೆಲಸ. ಅವರು ನೋಡಬೇಕು, ನಂಬಬೇಕು, ಆಮೇಲೆ ಕತ್ತರಿಸಬೇಕು. ಈ ಅಡುಗೆಮನೆಯಲ್ಲಿ ಸಾಕ್ಷಿ ಕೇಳುವವರು ಯಾರೂ ಇರಲಿಲ್ಲ. ಆದರೂ ಅವನು ಪಾದವನ್ನು ಹಿಡಿದು, ಮಿಸ್ ವರ್ಡಿ ಮಾಡಿದ ಹಾಗೆಯೇ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ.

“ಬೆಕ್ಕಲ್ಲ,” ಎಂದ.

ಆಮೇಲೆ ಗಿಣ್ಣಿನ ಸಂದಿ ಹುಡುಕಿ ಕತ್ತರಿಸಿದ. ಬೇರೆ ಮೂರರಷ್ಟೇ ಸುಲಭವಾಗಿ ಬಂತು.

ಮರುದಿನ ಮಧ್ಯಾಹ್ನ ಮನೆಯ ತುಂಬ ಈರುಳ್ಳಿ, ಮೆಣಸಿನಕಾಯಿಯ ವಾಸನೆ ಹರಡಿತ್ತು. ಗೆಣಸಿನ ಅಂಚು ಸ್ವಲ್ಪ ಹೆಚ್ಚೇ ಕಪ್ಪಾಯಿತು. ಅವನು ಮೇಜಿಗೆ ತಟ್ಟೆ ಹಾಕಿ, ತಲೆ ಬಾಗಿಸಿ ಪ್ರಾರ್ಥನೆ ಹೇಳಿ, ತಿಂದ. ಮಾಂಸ ಕಪ್ಪಗಿತ್ತು, ಮೆತ್ತಗಿತ್ತು, ಅವನು ನೆನೆದುದಕ್ಕಿಂತ ಸಿಹಿಯಾಗಿತ್ತು. ಒಂದು ಪ್ರಾಣಿ ಒಬ್ಬನಿಗೆ ಬಹಳವಾಗುತ್ತದೆ. ನಾಲ್ಕೈದು ಊಟ ಬೇಕಾಗಬಹುದು. ಚೂರೂ ಬಿಸಾಡಬಾರದೆಂದು ಆಕೆ ಹೇಳಿದ್ದಳು. ಉಳಿದದ್ದನ್ನು ಡಬ್ಬಿಗಳಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟ.

ಪಾತ್ರೆ ತೊಳೆಯಲು ನಿಂತಾಗ ಕಿಟಕಿಯ ಕಟ್ಟೆಯ ಮೇಲೆ, ಹಿಂದಿನ ರಾತ್ರಿ ಇಟ್ಟಲ್ಲೇ ಪಾದ ಇತ್ತು. ಕೊಟ್ಟಿಗೆಯಲ್ಲಿ ತೆಗೆದ ಮೂರನ್ನು ಯಾವಾಗಲೂ ಹುಗಿಯುತ್ತಿದ್ದ. ಇದನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಅಷ್ಟು ವರ್ಷ, ಅಷ್ಟು ಮನೆಗಳ ಬಾಗಿಲಲ್ಲಿ ನಿಂತಿದ್ದ. ಒಳಗೆ ಒಯ್ದ ಮೇಲೆ ಜನ ಅದನ್ನು ಏನು ಮಾಡುತ್ತಿದ್ದರೆಂದು ಒಬ್ಬರನ್ನೂ, ತನ್ನ ಅಮ್ಮನನ್ನೂ, ಕೇಳಿರಲಿಲ್ಲ.

ಕೇಳಲು ಉಳಿದವಳು ಒಬ್ಬಳೇ. ಶಾರ್ಮೇನ್ ಹಗಲು ಮಲಗಿರುತ್ತಾಳೆ, ಈಗ ಫೋನ್ ಮಾಡುವುದು ಸರಿಯಲ್ಲ. ಸಂಜೆ ಮಾಡಬಹುದು. ಎಲ್ಜಿ ಕೈ ಒರೆಸಿಕೊಂಡು ಮೇಜಿನ ಬಳಿ ಕೂತು ಗಡಿಯಾರ ನೋಡಿದ. ಬಾಗಿಲ ಬಳಿ ಡೀಕನ್ ನಿದ್ದೆಯಲ್ಲಿ ಕಾಲು ಆಡಿಸುತ್ತ, ಗಂಟಲೊಳಗೇ ಸಣ್ಣಗೆ ಏನೋ ಕೂಗುತ್ತಿತ್ತು.